ಗಾಜಿನ ತೊಟ್ಟಿಯೊಳಗೊಂದು ಬಂಡಿದಾರಿ

ಹಲ್ಲಿನ ಡಾಕ್ಟರ ಕೋಣೆ ಎಂದರೆ ಲವಂಗದೆಣ್ಣೆಯ ವಾಸನೆ ಬರಬೇಕು; ಅದು ಲೋಕದ ನಿಯಮ. ಕಳೆದ ವಾರ ದವಡೆ ಹಿಡಿದುಕೊಂಡು ಗಾಂಧಿನಗರದ ನಮ್ಮ ಡಾಕ್ಟರಲ್ಲಿಗೆ ಹೋದಾಗ ಲವಂಗದ ಬೆನ್ನಿಗೇ ಇನ್ನೊಂದು ವಾಸನೆ ಬಂತು. ಉಪ್ಪಿನದು. ಅಡುಗೆಮನೆಯ ಉಪ್ಪಿನದಲ್ಲ, ಒಣಮೀನಿನದೂ ಅಲ್ಲ. ಒದ್ದೆ ಕಲ್ಲು ಮತ್ತು ಏನೋ ಒಂದು ಜೀವ ಸೇರಿದ ಕಡಲಿನ ವಾಸನೆ. ಬಳ್ಳಾರಿಯಲ್ಲಿ ಕಡಲು! ಯಾವ ದಿಕ್ಕಿಗೆ ಹೊರಟರೂ ಬಸ್ಸಿನಲ್ಲಿ ರಾತ್ರಿಯಿಡೀ ತೂಕಡಿಸಿದ ಮೇಲೆ ಸಿಗುವ ಪದಾರ್ಥ ಅದು.

ನೋಡಿದರೆ, ಇಷ್ಟು ವರ್ಷ ಡಾಕ್ಟರ ಮನೆಯೊಳಗೆ ಇದ್ದ ಗಾಜಿನ ತೊಟ್ಟಿ ಈಗ ರೋಗಿಗಳು ಕಾಯುವ ಕೋಣೆಗೆ ಬಂದು ಕುಳಿತಿತ್ತು. ನೀಲಿ ಬೆಳಕು, ನಾಲ್ಕಾರು ಮೀನು, ಮಧ್ಯದಲ್ಲಿ ಬಂಡೆ ಪೇರಿಸಿದಂತಿರುವ ಒಂದು ಹಸಿರು ಹವಳ, ಅದರ ಪಕ್ಕಕ್ಕೆ ಜಿಂಕೆಯ ಕೊಂಬಿನಂತೆ ಕವಲೊಡೆದ ಇನ್ನೊಂದು. ಎರಡರ ನಡುವೆ ಬರೀ ಮರಳು. ನನ್ನ ಪಕ್ಕ ಕೆನ್ನೆ ಊದಿಸಿಕೊಂಡು ಕುಳಿತಿದ್ದ ಹೆಂಗಸು ತನ್ನ ನೋವಿನ ನಡುವೆಯೂ ಟೀಕೆ ಮಾಡಿದಳು: “ನಡುವ ಎಷ್ಟು ಜಾಗ ದಂಡ ಮಾಡ್ಯಾರ ನೋಡ್ರಿ. ಇನ್ನೂ ಎರಡು ಹಿಡೀತಿದ್ವು.”

ನಾನು ಉತ್ತರ ಕೊಡಲಿಲ್ಲ. ಬಾಯಿ ತೆರೆಯುವ ಸ್ಥಿತಿಯಲ್ಲಿ ಇರಲಿಲ್ಲ ಎಂಬುದು ಒಂದು ಕಾರಣ. ಅದು ದಂಡವಾದ ಜಾಗವಲ್ಲ, ದಾರಿ. ಅದನ್ನು ಬಿಡಿಸಿದವರು ಯಾರು ಎಂದು ಹೇಳಹೊರಟರೆ ಡಾಕ್ಟರು ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತು ಎಂಬುದು ಇನ್ನೊಂದು...

ಅವರನ್ನು ಬೀದಿಯೆಲ್ಲ ಸರ್ವೇ ಸಾಹೇಬರು ಎಂದು ಕರೆಯುತ್ತಿತ್ತು. ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ, ಸಿರುಗುಪ್ಪ, ಕುರುಗೋಡು ಕಡೆಯ ಹೊಲಗದ್ದೆಗಳನ್ನೆಲ್ಲ ಸರಪಳಿ ಹಿಡಿದು ಅಳೆದು, ನಿವೃತ್ತರಾದ ಮೇಲೆ ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸಿದರು. ಅಲ್ಲಿಯವರೆಗೆ ನಾನು ಕಂಡ ನೆರೆಯವರೆಲ್ಲ ಕಾಂಪೌಂಡಿಗೆ ದಾರ ಹಿಡಿಯುವಾಗ ಅದನ್ನು ಪ್ರೀತಿಯಿಂದ ನಮ್ಮ ಕಡೆಗೇ ತಳ್ಳಿದವರು. ಈ ಮಹಾನುಭಾವರು ಮಾತ್ರ ತಮ್ಮ ಗೋಡೆಯನ್ನು ತಮ್ಮದೇ ಜಾಗದೊಳಗೆ ಒಂದು ಗೇಣು ಹಿಂದಕ್ಕೆ ಎಳೆದುಕೊಂಡು ಕಟ್ಟಿಸಿದರು. ಇದೇಕೆ ಹೀಗೆ ಎಂದು ಕೇಳಿದೆ.

“ಮಾಸ್ತರ್ರ, ನಿಮ್ಮ ಬೇವಿನ ಗಿಡ ದಪ್ಪ ಆಗಾಕತ್ತೈತಿ. ಇವತ್ತಲ್ಲ ನಾಳೆ ಬೇರು ಈ ಕಡಿ ಬರ್ತಾವ. ಆವಾಗ ನಾನೂ ನೀವೂ ಜಗಳಾ ಆಡೂದು, ಇಬ್ಬರ ಪಿಂಚಣೀನೂ ವಕೀಲರು ತಿನ್ನೂದು. ಬ್ಯಾಡ. ಬೇರಿಗೆ ಒಂದು ಗೇಣು ಬಿಟ್ಟೀನಿ,” ಎಂದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವನು. ಔದಾರ್ಯದ ಮೇಲೆ ಮಕ್ಕಳಿಂದ ಎಷ್ಟೋ ಪ್ರಬಂಧ ಬರೆಸಿದ್ದೆ. ಅದನ್ನು ಗೇಣಿನ ಲೆಕ್ಕದಲ್ಲಿ ಕಂಡದ್ದು ಅದೇ ಮೊದಲು.

ಅವರ ಸೇವಾವಧಿಯ ಒಂದು ಸಂಗತಿ ಊರಿಗೆಲ್ಲ ಗೊತ್ತಿತ್ತು. ಸಿರುಗುಪ್ಪದ ಕಡೆ ಒಬ್ಬ ಅಕ್ಕಿ ಗಿರಣಿಯ ಧಣಿ, ತನ್ನ ಗದ್ದೆಯ ಗಡಿಕಲ್ಲು ತುಸು ಆಚೆಗೆ ಇರಬೇಕಿತ್ತು ಎಂದು ಅರ್ಜಿ ಹಾಕಿಕೊಂಡಿದ್ದ. ಸಾಹೇಬರು ಅಳೆದು ನೋಡಿ, ಹೌದು, ಕಲ್ಲು ತಪ್ಪಾಗಿದೆ, ಅದು ಈಚೆಗೆ ಇರಬೇಕು ಎಂದು ಧಣಿಯ ಗದ್ದೆಯೊಳಗೇ ತಂದು ನೆಟ್ಟರಂತೆ. ಶಿಕ್ಷೆಯಾಗಿ ಅವರನ್ನು ಕುರುಗೋಡಿಗೆ ಎತ್ತಿಹಾಕಲಾಯಿತು. ಅವರ ಹೆಂಡತಿಯ ತವರು ಕುರುಗೋಡು ಎಂಬುದು ಮೇಲಿನವರಿಗೆ ತಿಳಿಯದೆ ಹೋದದ್ದು ಸರ್ಕಾರದ ದೊಡ್ಡ ವೈಫಲ್ಯ. ಆ ಹೆಂಡತಿಯನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. “ಇಂಥಾ ಶಿಕ್ಷೆ ಇನ್ನೊಂದು ನಾಲ್ಕು ಕೊಡಸ್ರಿ ಅಂತ ನಾನ ಅರ್ಜಿ ಹಾಕಾಕ ಹೋಗಿದ್ನಿ,” ಎಂದು ಆಪಾ ನಗುತ್ತಿದ್ದರು.

ಆಗ ಬಳ್ಳಾರಿಯಲ್ಲಿ ಮಣ್ಣಿಗೆ ಬೆಲೆ ಬಂದ ಕಾಲ. ಸಂಡೂರಿನ ಕಡೆಯಿಂದ ಅದಿರು ತುಂಬಿದ ಲಾರಿಗಳು ಹಗಲೂ ರಾತ್ರಿ ಬಂದರಿನತ್ತ ಓಡುತ್ತಿದ್ದವು. ನಾನು ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿ, ಮಾಸ್ತರರು ಸನ್ಯಾಸ ಸ್ವೀಕರಿಸಿದರು ಎಂದು ಸುದ್ದಿಯಾಗುವ ಸಂಭವವಿತ್ತು. ನಿನ್ನೆಯವರೆಗೆ ಸೈಕಲ್ಲಿನಲ್ಲಿ ಬರುತ್ತಿದ್ದವರು ಕಾರಿನಿಂದ ಇಳಿಯಲು ಬಾಗಿಲು ಯಾವ ಕಡೆ ಎಂದು ಹುಡುಕುತ್ತಿದ್ದರು. ಒಬ್ಬರು ಎರಡೇ ಮಹಡಿಯ ಮನೆಗೆ ಲಿಫ್ಟು ಹಾಕಿಸಿದರು. ಮತ್ತೊಬ್ಬರು ಈಜುಕೊಳ ಕಟ್ಟಿಸಿದರು. ಆ ಮನೆಯಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ, ನೀರು ಸದಾ ಕೆಂಪಗಿರುತ್ತಿತ್ತು.

ಸಾಹೇಬರ ಮಗ ಎರಡು ಲಾರಿ ಮಾಡಿ ಅದಿರು ಸಾಗಣೆಗೆ ಬಿಟ್ಟಿದ್ದ. ಎರಡು ನಾಲ್ಕಾದ ವರ್ಷ, ಪಡಸಾಲೆಯ ಒಂದು ಗೋಡೆಯನ್ನೇ ಆವರಿಸುವಂಥ ಗಾಜಿನ ತೊಟ್ಟಿ ತರಿಸಿದ. ಸಿಹಿನೀರಿನ ಬಂಗಾರದ ಮೀನಿನ ತೊಟ್ಟಿಯಲ್ಲ. ಉಪ್ಪುನೀರಿನ, ಜೀವಂತ ಹವಳದ ತೊಟ್ಟಿ. ಚೀಲಗಟ್ಟಲೆ ಸಮುದ್ರದ ಉಪ್ಪು, ಅಲೆ ಎಬ್ಬಿಸುವ ಪಂಪು, ಮಧ್ಯಾಹ್ನದ ಸೂರ್ಯನನ್ನು ನಾಚಿಸುವ ದೀಪ, ನೀರು ತಂಪಾಗಿಡುವ ಯಂತ್ರ. ನಮ್ಮ ಮನೆಯಲ್ಲಿ ಮನುಷ್ಯರಿಗೆ ಫ್ಯಾನಿತ್ತು. ಅವರ ಮನೆಯಲ್ಲಿ ಮೀನಿಗೆ ಏಸಿ. ಬೇಸಿಗೆಯಲ್ಲಿ ನಾನು ಸಾಹೇಬರ ಸ್ನೇಹವನ್ನು ಹೆಚ್ಚಿಸಿಕೊಂಡದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹವಳ ತಂದುಕೊಟ್ಟವನು ಚೆನ್ನೈಯಿಂದ ಬಂದ ಒಬ್ಬ ತೆಳ್ಳಗಿನ ಮನುಷ್ಯ. ಅವನು ಚೀಲ ಬಿಚ್ಚುವ ಮೊದಲೇ ಸಾಹೇಬರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕುಳಿತರು. “ನಮ್ಮ ದೇಶದ ಕಡಲಾಗಿನ ಹವಳ ಮುಟ್ಟಂಗಿಲ್ಲ ಅಂತ ಕಾನೂನೈತಿ. ಇದು ಎಲ್ಲಿದು? ಕಾಗದ ತೋರ್ಸು.” ಹೊರದೇಶದಲ್ಲಿ ತೋಟದ ಬೆಳೆಯಂತೆ ಬೆಳೆಸಿದ್ದು ಎಂದು ಅವನು ಕಾಗದ ತೋರಿಸಿದ. ಸಾಹೇಬರು ಅದನ್ನು ಓದಿ ಮುಗಿಸುವವರೆಗೆ ಮೀನುಗಳೂ ಹವಳಗಳೂ ಅಂಗಳದಲ್ಲಿ ಸಾಲುಗಟ್ಟಿ ಕಾದವು. ಯಾರನ್ನೂ ಯಾವ ಕಾಗದವನ್ನೂ ಕೇಳದ ಕಾಲದಲ್ಲಿ ಬಳ್ಳಾರಿಯೊಳಕ್ಕೆ ಇಷ್ಟು ಶಿಸ್ತಾಗಿ ಬಂದ ವಸ್ತು ಬಹುಶಃ ಇನ್ನೊಂದಿರಲಿಲ್ಲ.

ಹವಳ ಎಂದರೆ ಉಂಗುರದಲ್ಲಿ ಕೂರುವ ಕೆಂಪು ಮಣಿ ಎಂದು ತಿಳಿದಿದ್ದ ನನಗೆ ಅದು ಪ್ರಾಣಿ ಎಂದು ಗೊತ್ತಾದದ್ದು ಅಲ್ಲಿ. ಕಲ್ಲಿನ ಮನೆ ಕಟ್ಟಿಕೊಂಡು ಗುಂಪಾಗಿ ಬಾಳುವ ಸಣ್ಣ ಜೀವಗಳು. ತಿನ್ನುತ್ತವೆ, ಬೆಳೆಯುತ್ತವೆ, ಪಕ್ಕದ ಜಾಗದ ಮೇಲೆ ಕಣ್ಣು ಹಾಕುತ್ತವೆ. ಈ ಮೂರನೆಯ ಗುಣ ಕಂಡ ದಿನ ಸಾಹೇಬರು ನಿವೃತ್ತಿಯನ್ನು ರದ್ದು ಮಾಡಿ ಮತ್ತೆ ಕೆಲಸಕ್ಕೆ ಹಾಜರಾದರು.

ಪ್ರತಿ ಶುಕ್ರವಾರ ನಮಾಜು ಮುಗಿಸಿ, ಊಟ ಮಾಡಿ, ತೊಟ್ಟಿಯ ಮುಂದೆ ಕುರ್ಚಿ ಹಾಕಿಸುವರು. ಉಪ್ಪುನೀರಿಗೆ ತುಕ್ಕು ಹಿಡಿಯದ ಅಳತೆಗೋಲು ಬೇಕೆಂದಾಗ ನನ್ನ ಶಾಲೆಯ ಪ್ಲಾಸ್ಟಿಕ್ ಸ್ಕೇಲನ್ನು ದೇಶಸೇವೆಗೆ ಸಮರ್ಪಿಸಿದೆ. ಹೊಲ ಅಳೆದು ಗಡಿ ಗೊತ್ತುಮಾಡುವುದಕ್ಕೆ ಅವರ ಇಲಾಖೆಯಲ್ಲಿ ಹದ್ದುಬಸ್ತು ಎನ್ನುತ್ತಾರೆ. ಸುತ್ತಲಿನ ಜಮೀನಿನವರಿಗೆ ಮೊದಲೇ ನೋಟೀಸು ಕೊಡಬೇಕು, ಪಂಚರು ಎದುರಿಗಿರಬೇಕು, ನಾಲ್ಕು ದಿಕ್ಕಿನ ಗಡಿ, ಅಂದರೆ ಚಕ್ಕುಬಂದಿಯನ್ನು, ಗಟ್ಟಿಯಾಗಿ ಹೇಳಬೇಕು. ಇದರಲ್ಲಿ ಒಂದನ್ನೂ ಅವರು ಬಿಡಲಿಲ್ಲ. ಸ್ಕೇಲಿನಿಂದ ಗಾಜನ್ನು ಮೆಲ್ಲಗೆ ತಟ್ಟಿ, ಹವಳಗಳಿಗೆ ಕೇಳುವಂತೆ ಹೇಳುವರು:

“ಪೂರ್ವಕ್ಕೆ ಗಾಜು. ಪಶ್ಚಿಮಕ್ಕೆ ನೆರೆಯವರು. ಉತ್ತರಕ್ಕೆ ಪಂಪು. ದಕ್ಷಿಣಕ್ಕೆ ನಾನು.”

ಅವರ ಕುರ್ಚಿ ತೊಟ್ಟಿಯ ದಕ್ಷಿಣಕ್ಕೇ ಇರುತ್ತಿತ್ತು. ಪಂಚನಾದ ನಾನು ಪಶ್ಚಿಮಕ್ಕೆ, ಒಂದು ಬಟ್ಟಲು ಚಹಾದೊಂದಿಗೆ.

ಹುಲ್ಲಿನಂತೆ ಹಬ್ಬುವ ಒಂದು ಹವಳವಿತ್ತು. ಕಲ್ಲು ಬಿಟ್ಟು ಗಾಜಿನ ಮೇಲೂ ಹತ್ತುತ್ತಿತ್ತು. “ಇದು ಲೇಔಟ್ ಮಾಡೋರ ಮನಿತನದ್ದು, ಮಾಸ್ತರ್ರ. ಕೆರಿ ಅನ್ನಂಗಿಲ್ಲ, ಮಸಣ ಅನ್ನಂಗಿಲ್ಲ,” ಎಂದು ವಾರಕ್ಕೊಮ್ಮೆ ಅದರ ಅಂಚು ಸುಲಿದು ತೆಗೆಯುವರು. ಯಾವುದು ಬೇಗ ಬೆಳೆಯುತ್ತದೆ, ಯಾವುದು ಮೇಲೆ ಚಾಚಿ ಕೆಳಗಿನವರ ಬೆಳಕು ಕಸಿಯುತ್ತದೆ, ಯಾವುದನ್ನು ಎಲ್ಲಿ ಕೂರಿಸಿದರೆ ಮುಂದಿನ ವರ್ಷ ಜಗಳವಿಲ್ಲ... ಎಲ್ಲ ಅವರ ತಲೆಯಲ್ಲಿತ್ತು. ಮಗನಿಗೆ ತೊಟ್ಟಿ ತುಂಬಿ ತುಳುಕಬೇಕೆಂಬ ಆಸೆ. ಅಪ್ಪ ಜಾಗ ಖಾಲಿ ಬಿಡಿಸುವರು. “ಈಗ ಖಾಲಿ ಕಾಣತೈತಿ. ಅವು ಬೆಳಿಯೂ ಜೀವ. ಇವತ್ತಿನ ಮೈಗೆ ಅಂಗಿ ಹೊಲಿಸಿದ್ರ ನಾಳೆ ಹರೀತೈತಿ,” ಎನ್ನುವರು.

ತೊಟ್ಟಿಯ ಮೊದಲ ಹವಳವನ್ನು ಆರಿಸಿದವರು ಆಪಾ. ಚೆನ್ನೈಯವನು ತೋರಿಸಿದ ಬಣ್ಣಬಣ್ಣದ್ದನ್ನೆಲ್ಲ ಬಿಟ್ಟು, ದುಂಡು ದುಂಡು ಉಬ್ಬಿನ ಒಂದು ಹಸಿರು ಮುದ್ದೆಯನ್ನು ಬೆರಳು ಮಾಡಿ ತೋರಿಸಿದರು. “ಇದನ್ನ ತಗೋರಿ. ನಮ್ಮ ಕುರುಗೋಡ ಗುಡ್ಡ ಇದ್ದಂಗ ಐತಿ.” ನಿಜವೇ. ನಮ್ಮ ಸೀಮೆಯ ಗುಡ್ಡಗಳನ್ನು ಯಾರೋ ಬಂಡೆ ಎತ್ತಿ ಎತ್ತಿ ಪೇರಿಸಿ, ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋದಂತೆ ಕಾಣುತ್ತವೆ. ಆ ಹವಳವೂ ಹಾಗೇ ಇತ್ತು. ಆಪಾ ಹುಟ್ಟಿದ ಮನೆಯ ಹಿತ್ತಲಿನಿಂದ ಕಾಣುತ್ತಿದ್ದ ಗುಡ್ಡದ ಒಂದು ಮಗ್ಗುಲು ಆಗ ಜಲ್ಲಿಯಾಗಿ ಲಾರಿ ಹತ್ತುತ್ತಿತ್ತು. ಮೊಣಕಾಲ ನೋವಿನಿಂದ ಅವರು ತವರಿಗೆ ಹೋಗುವುದೂ ನಿಂತಿತ್ತು. ಮಧ್ಯಾಹ್ನ ಬಟಾಣಿ ಬಿಡಿಸುತ್ತಲೋ ಮೆಂತ್ಯ ಸೋಸುತ್ತಲೋ ತೊಟ್ಟಿಯ ಮುಂದೆ ಕುಳಿತರೆ, ಗುಡ್ಡ ಅವರಿಗೆ ಎದುರಿಗಿರುತ್ತಿತ್ತು. ವರ್ಷಕ್ಕೆ ಬೆರಳಿನ ಅಗಲದಷ್ಟು ಬೆಳೆದರೆ ಹೆಚ್ಚು. “ನಮ್ಮ ಗುಡ್ಡ ಬೆಳೀತೈತಿ,” ಎಂದು ಅವರು ಹೇಳುವಾಗಿನ ಮುಖ... ಹೊರಗಿನದು ಕರಗುತ್ತಿತ್ತು ಎಂಬುದನ್ನು ನಾವ್ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೀಗಿರುವಾಗ ಮಗನ ಲಾರಿಗಳಿಗೆ ಬಾಡಿಗೆ ಕೊಡುವ ಗಣಿ ಧಣಿಯೊಬ್ಬರು ಸಂತೋಷಗೊಂಡು ಉಡುಗೊರೆ ಕಳಿಸಿದರು: ಕೊಂಬಿನ ಹವಳ. ನೇರಳೆ ತುದಿ, ಕೆನೆಯ ಬಣ್ಣದ ಮೈ. ಸಾಹೇಬರು ಅದಕ್ಕೂ ಕಾಗದ ಕೇಳಿ ತರಿಸಿಕೊಂಡರು. ಆ ಧಣಿಯ ವ್ಯವಹಾರದಲ್ಲಿ ಕಾಗದ ಸರಿಯಿದ್ದದ್ದು ಅದೊಂದೇ ಎಂದು ಬೀದಿ ನಕ್ಕಿತು. ಗುಡ್ಡದಿಂದ ದೂರದಲ್ಲೇ ಅದಕ್ಕೆ ಜಾಗ ಕೊಟ್ಟರು. ಅದು ಆ ಕಾಲದ ಪ್ರಜೆ, ಬೆಳೆದೇ ಬೆಳೆಯಿತು. ಕವಲು ಕವಲಾಗಿ ಗುಡ್ಡದ ಕಡೆಗೆ ಬಂತು. ಸಾಹೇಬರು ಪ್ರತಿ ಶುಕ್ರವಾರ ಅಳೆಯುವರು. ನಡುವೆ ನಾಲ್ಕು ಬೆರಳ ಅಂತರ ಇದ್ದೇ ಇತ್ತು. ನಾನು ಪಂಚನಾಗಿ ಹೌದೆನ್ನುತ್ತಿದ್ದೆ.

ಒಂದು ಶುಕ್ರವಾರ ಕೊಂಬಿನ ಒಂದು ಮಗ್ಗುಲು ಬೆಳ್ಳಗಾಗಿತ್ತು. ಮಾಂಸ ಹೋಗಿ ಬರೀ ಎಲುಬು. ಮುಂದಿನ ವಾರ ಇನ್ನೊಂದು ಕವಲು.

ಮನೆಯಲ್ಲಿ ವಿಚಾರಣೆ ಶುರುವಾಯಿತು. ನೀರು ತಪ್ಪಿತಸ್ಥನೇ ಎಂದು ಪರೀಕ್ಷಿಸಲಾಯಿತು, ನಿರ್ದೋಷಿ. ಕಿಟಕಿಯಿಂದ ಬಂದ ಅದಿರಿನ ಧೂಳಿನ ಮೇಲೆ ನನಗೆ ಗುಮಾನಿ, ತೊಟ್ಟಿಗೆ ಮುಚ್ಚಳವಿತ್ತು. ಒಂದು ಹಳದಿ ಮೀನಿನ ನಡತೆಯ ಬಗ್ಗೆ ಆಪಾಗೆ ಮೊದಲಿಂದಲೂ ಸಂಶಯ, ಸಾಕ್ಷಿ ಸಿಗಲಿಲ್ಲ. ಮಗನಿಗೆ ಮಾತ್ರ ಜೀವ ಹೋದಂತಾಗಿತ್ತು. ಧಣಿ ಆ ತಿಂಗಳು ಮನೆಗೆ ಊಟಕ್ಕೆ ಬರುವವರಿದ್ದರು.

“ಅಬ್ಬಾ, ಆ ಹಳೇ ಕಲ್ಲು ತಗದು ಒಗೀರಿ. ಅದರ ಮಗ್ಗಲಿದ್ದದ್ದಕ್ಕ ಇದು ಹಾಳಾಗಾಕತ್ತೈತಿ,” ಎಂದು ಅಪ್ಪನಿಗೆ ಹೇಳಿದ.

“ಲೇ, ನಿನ್ನ ಮಗ್ಗಲಿದ್ದು ನನ್ನ ತಲಿ ಹಣ್ಣಾಗೈತಿ. ನಿನ್ನ ಒಗದೀನೇನು?” ಎಂದರು ಆಪಾ, ಮೆಂತ್ಯದಿಂದ ತಲೆಯೆತ್ತದೆ.

ಸಾಹೇಬರು ಮಧ್ಯಸ್ಥಿಕೆ ಮಾಡಲಿಲ್ಲ. ಸ್ಕೇಲು ತೊಳೆದು ಮತ್ತೊಮ್ಮೆ ಅಳೆದರು. ನಾಲ್ಕು ಬೆರಳು. “ಗುಡ್ಡ ತನ್ನ ಹದ್ದಿನಾಗ ಐತಿ. ಒಂದು ಕೂದಲು ದಾಟಿಲ್ಲ. ಅದರ ಮ್ಯಾಲೆ ಕೇಸಿಲ್ಲ,” ಎಂದು ತೀರ್ಪು ಕೊಟ್ಟರು. ಗಡಿಯ ವಿಷಯದಲ್ಲಿ ಅವರ ಮಾತು ತಪ್ಪಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಆಪಾರ ಮುಖದಲ್ಲಿ ತವರು ಗೆದ್ದ ಕಳೆ ಬಂತು.

ಆ ವಾರದಲ್ಲೇ ಒಂದು ಸಂಜೆ ಕರೆಂಟು ಹೋಯಿತು. ಜನರೇಟರಿನ ಡೀಸೆಲ್ಲನ್ನು ಮಗನ ಡ್ರೈವರು ಲಾರಿಗೆ ಸುರಿದುಕೊಂಡು ಹೋಗಿದ್ದ. ಅಲೆಯ ಪಂಪು ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ದೀಪವಿಲ್ಲ. ತೊಟ್ಟಿ ಸರಿಯಿದೆಯೇ ನೋಡೋಣವೆಂದು ಸಾಹೇಬರು ಟಾರ್ಚು ತಂದರು. ದಿಢೀರನೆ ಬೆಳಕು ಬಿದ್ದರೆ ಮೀನು ಬೆದರುತ್ತವೆಂದು ಆಪಾ ತಮ್ಮ ಕೆಂಪು ದುಪಟ್ಟಾದ ಸೆರಗನ್ನು ಟಾರ್ಚಿನ ಮುಖಕ್ಕೆ ಸುತ್ತಿಕೊಟ್ಟರು. ಹರಟೆಗೆಂದು ಹೋಗಿದ್ದ ನಾನು ಹಿಂದೆ ನಿಂತಿದ್ದೆ.

ಆ ಮಬ್ಬು ಕೆಂಪು ಬೆಳಕಿನಲ್ಲಿ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಗಲೆಲ್ಲ ಮುಷ್ಟಿ ಕಟ್ಟಿಕೊಂಡು ಸಂಭಾವಿತನಂತೆ ಕೂರುತ್ತಿದ್ದ ಗುಡ್ಡ, ಕತ್ತಲಲ್ಲಿ ಮೈಯೆಲ್ಲ ಅರಳಿ ನಿಂತಿತ್ತು. ಅದರ ಅಂಚಿನಿಂದ ಗಾಜಿನಷ್ಟು ತೆಳುವಾದ ಎಳೆಗಳು ಹೊರಬಿದ್ದು, ಉದ್ದಕ್ಕೆ ಚಾಚಿ, ಅಲೆಯಲ್ಲಿ ತೂಗುತ್ತ ನಾಲ್ಕು ಬೆರಳನ್ನು ದಾಟಿ, ಕೊಂಬಿನ ಮೈಯನ್ನು ಸವರಿ ಸವರಿ ಬರುತ್ತಿದ್ದವು. ಸವರಿದ ಜಾಗವೇ ಬೆಳ್ಳಗಾದ ಜಾಗ.

ಸಾಹೇಬರು ಬಗ್ಗಿ, ಗಾಜಿಗೆ ಮುಖ ತಾಗಿಸಿ, ಒಂದು ಎಳೆ ಹೋಗಿ ಬರುವುದನ್ನು ಪೂರ್ತಿ ನೋಡಿದರು. ಆಮೇಲೆ, “ಮಾಸ್ತರ್ರ, ಸರ್ವೇದಾಗ ಒಂದು ರಿವಾಜೈತಿ. ಹೊತ್ತು ಮುಳುಗಿದ ಮ್ಯಾಲೆ ಸರಪಳಿ ಹಿಡಿಯಂಗಿಲ್ಲ,” ಎಂದರು. “ಇಡೀ ಜಲ್ಮ ಹಗಲ್ ಹೊತ್ತಿನ್ಯಾಗ ಅಳದೀನಿ. ಇದನ್ನೂ ಹಗಲ್ ಹೊತ್ತಿನ್ಯಾಗ ಅಳದೆ. ಇದರ ಹದ್ದು ಇರೂದು ಕತ್ತಲ್ಯಾಗ.”

ಅವರ ಕೈಯಲ್ಲಿ ಟಾರ್ಚು ಹಿಡಿದದ್ದೇ ಹಿಡಿದಂತಿತ್ತು. ದುಪಟ್ಟಾದ ಇನ್ನೊಂದು ಸೆರಗು ಆಪಾರ ಹೆಗಲ ಮೇಲೇ ಇದ್ದುದರಿಂದ ಅವರೂ ಅಲ್ಲಿಂದ ಕದಲುವಂತಿರಲಿಲ್ಲ. ಅವರ ಗುಡ್ಡವೇ ಕಳ್ಳ ಎಂಬುದನ್ನು ಗಂಡಹೆಂಡತಿ ಒಂದೇ ಬೆಳಕಿನಲ್ಲಿ ಕಂಡರು.

ಆಗ ಅವರ ಮುಂದೆ ಸುಲಭದ ದಾರಿಗಳಿದ್ದವು. ಕೊಂಬು ತಾನಾಗಿ ಸತ್ತಿತು ಎಂದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಕಂಡವರು ನಾವು ಮೂವರೇ, ಅದರಲ್ಲಿ ಒಬ್ಬನು ಚಹಾದ ಋಣದಲ್ಲಿದ್ದವನು. ಇತ್ತ ಮಗ ಹೇಳಿದಂತೆ ಗುಡ್ಡವನ್ನು ಕಿತ್ತೊಗೆಯಬಹುದಿತ್ತು, ಧಣಿ ಸಂತೋಷಪಡುತ್ತಿದ್ದರು. ಗುಡ್ಡವನ್ನಾಗಲಿ ಕೊಂಬನ್ನಾಗಲಿ ಇಡಿಯಾಗಿ ಎತ್ತಿ ಬೇರೆಡೆ ಇಡುವಂತೆ ಮಾತ್ರ ಇರಲಿಲ್ಲ. ಎರಡೂ ಬೆಳೆದು ಅಡಿಯ ಬಂಡೆಗೆ ಬೆಸೆದುಕೊಂಡಿದ್ದವು, ಆ ಬಂಡೆಯ ಮೇಲೆ ಇಡೀ ತೊಟ್ಟಿಯ ಕಲ್ಲುಕಟ್ಟಡ ನಿಂತಿತ್ತು.

ಮರುದಿನ ಸಾಹೇಬರು ತೀರ್ಪು ಹೇಳಿದರು. ನಾನು ಪಂಚನಾಗಿ ಹಾಜರಿದ್ದೆ. “ಯಾರನ್ನೂ ಎಬ್ಬಿಸೂದಿಲ್ಲ. ನಡುವ ಬಂಡಿದಾರಿ ಬಿಡಸೂದು, ಒಂದು ಗೇಣು. ಕೊಂಬು ಹಗಲ್ನ್ಯಾಗ ಮುಂದ ಬಂದೈತಿ, ಅದರ ಕವಲು ಕಡೀಬೇಕು. ಗುಡ್ಡ ಕತ್ತಲ್ಯಾಗ ಕೈ ಮಾಡೈತಿ...” ಇಲ್ಲಿ ಅವರು ಹೆಂಡತಿಯ ಕಡೆ ನೋಡಲಿಲ್ಲ. “ಅದರ ಮಗ್ಗಲೂ ಕಡೀಬೇಕು.”

ಆಪಾ ಮೆಂತ್ಯದ ಮೊರ ಕೆಳಗಿಟ್ಟರು.

“ಹೊರಗ ಗುಡ್ಡ ಕಡ್ಯಾಕತ್ತಾರ. ನೀವು ಮನ್ಯಾಗಿಂದೂ ಕಡೀರಿ.”

ಗಿರಣಿ ಧಣಿಯ ಎದುರು ಕಲ್ಲು ನೆಟ್ಟಾಗ ಈ ಮನುಷ್ಯ ಕಳೆದುಕೊಂಡದ್ದು ಒಂದು ಹುದ್ದೆಯ ಜಾಗ. ಇಲ್ಲಿ ಎದುರಿಗಿದ್ದದ್ದು ಹೆಂಡತಿಯ ತವರು. ತೀರ್ಪು ವಾಪಸು ತೆಗೆದುಕೊಳ್ಳುತ್ತಾರೆಂದೇ ನಾನು ಎಣಿಸಿದೆ. ತೆಗೆದುಕೊಂಡಿದ್ದರೂ ನಾನು ಅವರನ್ನು ಅಷ್ಟೇ ಗೌರವಿಸುತ್ತಿದ್ದೆನೋ ಏನೋ...

ಸಾಹೇಬರು ಕುರ್ಚಿಯಿಂದೆದ್ದು ಹೋಗಿ ಆಪಾರ ಎದುರು ನೆಲದ ಮೇಲೆ ಕುಳಿತರು. “ಬರೋಬ್ಬರಿ ಹೇಳಿದಿ. ಆದ್ರ ಅವರು ಕಡಿಯೂದು ಗುಡ್ಡ ಮುಗೀಲಿ ಅಂತ. ನಾನು ಕಡಿಯೂದು ಎರಡೂ ಉಳೀಲಿ ಅಂತ. ನಮ್ಮನಿದು ಅಂತ ಬಿಟ್ಟೆ ಅಂದ್ರ, ಅಷ್ಟು ವರ್ಷ ಮಂದಿ ಹೊಲದಾಗ ಕಲ್ಲು ನೆಟ್ಟಿದ್ದೆಲ್ಲ ಸುಳ್ಳಾಗ್ತೈತಿ ನೋಡು.”

ಆಪಾ ಬಹಳ ಹೊತ್ತು ಗುಡ್ಡವನ್ನೇ ನೋಡಿದರು. ಆಮೇಲೆ ಷರತ್ತು ಹಾಕಿದರು. ಆ ಮನೆಯ ನಿಜವಾದ ಮೇಲಧಿಕಾರಿ ಯಾರೆಂಬುದು ಆಗ ನನಗೆ ಖಚಿತವಾಯಿತು. “ಮೊದಲು ನಂದ ಕಡೀರಿ. ಬ್ಯಾರೆಯವರ ಕೈ ಹಚ್ಚಬಾರದು, ನಿಮ್ಮ ಕೈಲೆ ಕಡೀಬೇಕು. ಮತ್ತ ಒಂದು ಚೂರೂ ಒಗಿಯಂಗಿಲ್ಲ. ಅಷ್ಟಕ್ಕೂ ಮನಿ ಮಾಡಿ ಕೊಡಬೇಕು.”

ಆಯುಧಕ್ಕಾಗಿ ಮುಂದಿನ ರಸ್ತೆಯ ಹಲ್ಲಿನ ಡಾಕ್ಟರಲ್ಲಿಗೆ ಹೋದೆವು. ಎಲುಬು ಕತ್ತರಿಸುವ ಇಕ್ಕಳ ಅವರಲ್ಲಿ ಮಾತ್ರ ಇತ್ತು. ಆಗಿನ್ನೂ ತರುಣರಾಗಿದ್ದ ಡಾಕ್ಟರು, ನಿವೃತ್ತ ಸರ್ವೇಯರ ಕೈಗೆ ಇಕ್ಕಳ ಕೊಟ್ಟು ಮನೆಯಲ್ಲಿ ಕೂರುವ ಧೈರ್ಯವಾಗದೆ ತಾವೇ ಬಂದರು. “ಸಾಹೇಬರ, ಮರಗಟ್ಟೂ ಇಂಜೆಕ್ಷನ್ ಬ್ಯಾಡೇನ್ರಿ?” ಎಂದು ಕೇಳಿದರು. “ಅದಕ್ಕ ಬ್ಯಾಡ, ನನಗ ಒಂದು ಕೊಡ್ರಿ,” ಎಂದರು ಸಾಹೇಬರು.

ಬಕೆಟ್ಟುಗಳಿಗೆ ನೀರಿಳಿಸಿ ಗುಡ್ಡದ ತಲೆ ಹೊರಬರುವಂತೆ ಮಾಡಿದೆವು. ನೋಟೀಸು ಓದಿದ್ದಾಯಿತು, ಚಕ್ಕುಬಂದಿ ಹೇಳಿದ್ದಾಯಿತು. ಹಿಂದಿನ ಸಂಜೆ ದೀಪ ಆರಿಸಿ, ಎಳೆಗಳು ಎಲ್ಲಿಯವರೆಗೆ ಚಾಚುತ್ತವೆಂದು ನೋಡಿ ಗಾಜಿನ ಮೇಲೆ ಆಪಾ ಕಾಡಿಗೆಯಿಂದ ಗುರುತು ಹಾಕಿದ್ದರು. ಅದು ಹೊಸ ಹದ್ದು. ಇಕ್ಕಳ ಕಚ್ಚಿತು, ಡಾಕ್ಟರ ಚಿಕ್ಕ ಉಳಿಯೂ ಬೇಕಾಯಿತು. ಮೊದಲ ಚೂರು ಟಕ್ಕೆಂದು ಬಿಟ್ಟುಕೊಂಡಾಗ ಆಪಾ ಕಣ್ಣು ಮುಚ್ಚಲಿಲ್ಲ. ಅಂಗೈಯೊಡ್ಡಿ ತೆಗೆದುಕೊಂಡರು. ಕೊಂಬಿನ ಕವಲುಗಳೂ ಬಂದವು. ಎಲ್ಲವನ್ನೂ ಸಣ್ಣ ಸಣ್ಣ ಕಲ್ಲಿಗೆ ಅಂಟು ಹಚ್ಚಿ ಕೂರಿಸಿ, ತೊಟ್ಟಿಯ ಒಂದು ಮೂಲೆಯ ಮರಳಿನಲ್ಲಿ ಸಾಲಾಗಿ ನಿಲ್ಲಿಸಿದೆವು. ಮುಳುಗಡೆಯಾದ ಊರುಗಳಿಗೆ ಕಟ್ಟಿಕೊಡುವ ಪುನರ್ವಸತಿ ಕಾಲೊನಿಯಂತೆ ಕಾಣುತ್ತಿತ್ತು. ವ್ಯತ್ಯಾಸವೆಂದರೆ ಇಲ್ಲಿ ಎಲ್ಲರಿಗೂ ನಿವೇಶನ ಸಿಕ್ಕಿತು, ನೀರೂ ಬಂತು.

ಗುಡ್ಡ ಉಳಿಯುತ್ತದೆಯೇ ಎಂಬ ಆತಂಕದಲ್ಲಿ ಆಪಾ ಕೆಲವು ವಾರ ನೆಟ್ಟಗೆ ಊಟ ಮಾಡಲಿಲ್ಲ. ಸಾಹೇಬರು ಅವರ ಎದುರಿಗೆ ತಾವೂ ತಟ್ಟೆ ಸರಿಸಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ಆಪಾ ಗೋಡೆಯಾಚೆಯಿಂದ ಕೂಗಿದರು: “ಮಾಸ್ತರ್ರ, ಬರ್ರಿ ಲಗೂನ!” ಕಡಿದ ಬಿಳಿ ಗಾಯದ ಅಂಚಿನಲ್ಲಿ ನೂಲಿನಷ್ಟು ಹಸಿರು. ಚರ್ಮ ಕೂಡಿಕೊಂಡು ಬರುತ್ತಿತ್ತು. ಕೊಂಬಿನ ತುದಿಗಳಲ್ಲೂ ನೇರಳೆ ಮರಳಿತ್ತು. ನಡುವೆ ಬಂಡಿದಾರಿ, ಗುಮಾನಿಗೊಳಗಾಗಿದ್ದ ಹಳದಿ ಮೀನು ಅದರಲ್ಲಿ ಮೆರವಣಿಗೆ ಹೊರಟಂತೆ ಗತ್ತಿನಿಂದ ಓಡಾಡುತ್ತಿತ್ತು. ಆ ಹೊತ್ತು ಹೊರಗೆ ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ನಿಂತು ಹಾರ್ನ್ ಬಾರಿಸುತ್ತಿದ್ದವು. ಇಡೀ ಊರಿನಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದದ್ದು ಆ ತೊಟ್ಟಿಯೊಳಗೆ ಮಾತ್ರ. ಆ ತೊಟ್ಟಿ ನನ್ನ ಪಕ್ಕದ ಮನೆಯಲ್ಲಿತ್ತು, ನಾನು ಅದರ ಪಂಚನಾಗಿದ್ದೆ ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ.

ಧಣಿ ಊಟಕ್ಕೆ ಬರಲೇ ಇಲ್ಲ. ಮೊದಲು ಪುರುಸೊತ್ತಿರಲಿಲ್ಲ, ಆಮೇಲೆ ಗಣಿಗಳು ನಿಂತವು, ಪುರುಸೊತ್ತೇ ಪುರುಸೊತ್ತು, ಆದರೆ ಹೊರಗೆ ಬರುವ ಮುಖ ಉಳಿದಿರಲಿಲ್ಲ. ಸಾಹೇಬರು ಮಾತ್ರ ಕೊಂಬಿನಿಂದ ಕಡಿದ ಒಂದು ಕವಲನ್ನು ಅವರಿಗೆ ಕಳಿಸಿಕೊಟ್ಟಿದ್ದರು: “ಅವರ ಹಿಸ್ಸೆ, ಅವರಿಗೆ ಮುಟ್ಟಬೇಕು.” ಗುಡ್ಡದ ಒಂದು ಚೂರು, ಕೊಂಬಿನ ಒಂದು ಕವಲು ಇಕ್ಕಳದ ಋಣಕ್ಕೆಂದು ಡಾಕ್ಟರಿಗೆ ಹೋದವು. ಡಾಕ್ಟರಿಗೂ ಅಲ್ಲಿಂದ ಹುಚ್ಚು ಹತ್ತಿತು.

ಲಾರಿಗಳು ಶೆಡ್ಡು ಸೇರಿದ ಮೇಲೆ ಸಾಹೇಬರು ಒಂದೊಂದು ಯಂತ್ರವನ್ನು ಮಾರಿ ಒಂದೊಂದು ಹವಳಕ್ಕೆ ಮನೆ ಹುಡುಕಿಕೊಟ್ಟರು. ಆಪಾಗೆ ಕೊಟ್ಟ ಮಾತದು. ದೊಡ್ಡ ಗುಡ್ಡವನ್ನು ಮಾತ್ರ ಕೊನೆಯವರೆಗೆ ಇಟ್ಟುಕೊಂಡಿದ್ದರು. ಆಪಾ ತೀರಿಕೊಂಡ ಮಳೆಗಾಲದಲ್ಲಿ ಅದೂ ಬೆಳ್ಳಗಾಯಿತು... ಗಡಿಯ ತಂಟೆ ಏನಿರಲಿಲ್ಲ. ಸಾಹೇಬರು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಅನ್ನಲಾರೆ. ಕೆಲವಕ್ಕೆ ಕಾರಣ ಸಿಗುವುದಿಲ್ಲ. ಎರಡು ವರ್ಷದ ಮೇಲೆ ಅವರೂ ಹೊರಟುಹೋದರು. ಅವರ ಗೋಡೆಗೂ ನಮ್ಮ ಗೋಡೆಗೂ ನಡುವಿನ ಒಂದು ಗೇಣಿನಲ್ಲಿ ಈಗ ಬೇವಿನ ಬೇರು ಆರಾಮಾಗಿ ಕಾಲು ಚಾಚಿದೆ.

ಕಾಯುವ ಕೋಣೆಯಲ್ಲಿ ನನ್ನ ಸರದಿ ಬಂತು. ಡಾಕ್ಟರು ತಾವೇ ಹೊರಗೆ ಬಂದರು. ಅವರ ಮೀಸೆಯೂ ಈಗ ಬೆಳ್ಳಗಾಗಿದೆ. ನಾನು ತೊಟ್ಟಿಯ ಮುಂದೆ ನಿಂತಿದ್ದನ್ನು ಕಂಡು ನಕ್ಕರು. “ಕೊಂಬು ಮತ್ತ ಮುಂದ ಬಂದೈತಿ, ಮಾಸ್ತರ್ರ. ಈ ವಾರ ಕಡೀಬೇಕು. ದೀಪ ಆರಿಸಿ ಅಳದೀನಿ, ಸಾಹೇಬರು ಹೇಳಿದಂಗ.” ತೊಟ್ಟಿಯ ಪಕ್ಕದಲ್ಲಿ ಒಂದು ಮೊಳೆಗೆ ನನ್ನ ಹಳೆಯ ಪ್ಲಾಸ್ಟಿಕ್ ಸ್ಕೇಲು ನೇತಾಡುತ್ತಿತ್ತು. ಅಂಕಿಗಳೆಲ್ಲ ಅಳಿಸಿಹೋಗಿದ್ದವು.

“ಮೊದಲು ಏನೋ ಅಂತಿದ್ರಲ್ರಿ ಅವರು, ನಾಲ್ಕೂ ದಿಕ್ಕಿಂದು. ಅದೊಂದು ಮರತೀನಿ,” ಎಂದರು ಡಾಕ್ಟರು.

ದವಡೆ ನೋಯುತ್ತಿದ್ದರೂ ಸ್ಕೇಲು ತೆಗೆದುಕೊಂಡೆ. ಗಾಜನ್ನು ಮೆಲ್ಲಗೆ ತಟ್ಟಿದೆ. ಊದಿದ ಕೆನ್ನೆಯ ಹೆಂಗಸು ತನ್ನ ನೋವು ಮರೆತು ನನ್ನನ್ನೇ ನೋಡಿದಳು.

“ಪೂರ್ವಕ್ಕೆ ಗಾಜು. ಪಶ್ಚಿಮಕ್ಕೆ ನೆರೆಯವರು. ಉತ್ತರಕ್ಕೆ ಪಂಪು. ದಕ್ಷಿಣಕ್ಕೆ...”

ಅಲ್ಲಿಗೆ ನಿಂತೆ. ಡಾಕ್ಟರು ಕಾದರು. ತೊಟ್ಟಿಯ ದಕ್ಷಿಣಕ್ಕೆ ರೋಗಿಗಳ ಒಂದು ಕುರ್ಚಿಯಿತ್ತು. ಖಾಲಿಯಿತ್ತು. ಸ್ವಲ್ಪ ಹೊತ್ತು ಅದನ್ನು ನೋಡಿದೆ; ಆಮೇಲೆ ಹೋಗಿ ಅದರಲ್ಲಿ ಕುಳಿತೆ.

“ಸದ್ಯಕ್ಕೆ ನಾನು,” ಎಂದೆ.